ಕಾಲಿಗೆ ಕಟ್ಟಿದ ಹರಕೆ

ಮಗ ಜೀವಂತವಾಗಿ ಮನೆಗೆ ಬಂದರೆ ಅವನ ಕಾಲು ಇನ್ನೆಂದೂ ಚೆಂಡು ಮುಟ್ಟುವುದಿಲ್ಲ ಎಂದು ಬುಂಗಾ ಹರಕೆ ಹೊತ್ತಳು. ಜಪಾನಿಯರ ಕಾಲ ಅದು. ಕೆಡಾ ನಾಡಿನ ಗದ್ದೆಗಳ ಭತ್ತವೆಲ್ಲ ಸೈನ್ಯದ ಉಗ್ರಾಣಕ್ಕೆ ಹೋಗುತ್ತಿತ್ತು. ಸಂತರ ಗೋರಿಯ ಮುಂದೆ ಇಡಲು ಹಳದಿ ಅನ್ನ ಮಾಡೋಣವೆಂದರೆ ಮನೆಯಲ್ಲಿ ಒಂದು ಹಿಡಿ ಅಕ್ಕಿ ಇರಲಿಲ್ಲ. ಮರಗೆಣಸನ್ನೇ ತುರಿದು, ಅರಿಸಿನ ಕಲಸಿ ಬೇಯಿಸಿ, ಬಾಳೆಲೆಯಲ್ಲಿ ಕಟ್ಟಿಕೊಂಡು, ಪಕ್ಕದ ಮನೆಯ ತಿಜಾಳನ್ನು ಕರೆದುಕೊಂಡು ಗದ್ದೆಯ ಬದುವಿನ ಮೇಲೆ ನಡೆದಳು. ಬುಂಗಾಳ ಮಗ ದಾರುಸ್, ತಿಜಾಳ ಮಗ ಹನಾಪಿ. ಇಬ್ಬರಿಗೂ ಒಬ್ಬೊಬ್ಬನೇ. ಆ ಇಬ್ಬರನ್ನೂ ಒಂದೇ ಲಾರಿಗೆ ಹತ್ತಿಸಿ, ಸಯಾಮಿನ ಕಾಡಿನಲ್ಲಿ ರೈಲುದಾರಿ ಹಾಕುವ ಕೆಲಸಕ್ಕೆ ಒಯ್ದಿದ್ದರು.

ಗೋರಿಗೆ ಹೊದಿಸಿದ್ದ ಹಳದಿ ಬಟ್ಟೆ ಬಿಸಿಲಿಗೆ ಬೆಳ್ಳಗಾಗಿತ್ತು. ಹೆಂಗಸರಿಬ್ಬರೂ ಸಾಂಬ್ರಾಣಿ ಹಚ್ಚಿ, ಪಕ್ಕಪಕ್ಕ ಕೂತು, ತುಟಿಯಲ್ಲೇ ಬೇಡಿಕೊಂಡರು. ವಾಪಸು ಬರುವಾಗ ತಿಜಾ ಬಾಯಿಬಿಟ್ಟಳು. ಬುಂಗಾಳನ್ನು ಅವಳು ಕಾಕ್, ಎಂದರೆ ಅಕ್ಕ, ಎಂದೇ ಕರೆಯುವುದು.

"ನಾನು ಮೇಕೆ ಹೇಳ್ಕೊಂಡೆ ಕಾಕ್. ಮೊನ್ನೆ ಹುಟ್ಟಿತಲ್ಲ, ಬಿಳಿ ಮೂತಿದು, ಆ ಹೋತದ ಮರಿ. ಹನಾಪಿ ಬಂದ ದಿನ ಕುಯ್ದು ಊರಿಗೆಲ್ಲ ಊಟ. ನೀನು ಏನು ಹೇಳ್ಕೊಂಡೆ?"

"ಅವನ ಕಾಲು."

"ಹಂಗಂದ್ರೆ?"

"ಬಂದರೆ ಇನ್ನು ಚೆಂಡು ಆಡಲ್ಲ ಅಂದೆ."

ತಿಜಾ ಬದುವಿನ ಮೇಲೆ ನಿಂತೇಬಿಟ್ಟಳು. "ಅವನನ್ನ ಕೇಳದೇನೇ? ಅವನದು ಅಂತ ಇರೋದು ಅದೊಂದೇ ಅಲ್ವೇನೇ ಕಾಕ್!"

"ಅದಕ್ಕೇ ಅದನ್ನ ಕೊಟ್ಟೆ," ಎಂದಳು ಬುಂಗಾ. "ನಮ್ಮನೇಲಿ ಮೇಕೆ ಎಲ್ಲಿದೆ?"

ಅದೊಂದೇ ಎಂಬ ಮಾತು ಸುಳ್ಳಲ್ಲ. ದಾರುಸನಿಗೆ ಗದ್ದೆಯಿತ್ತು, ಆದರೆ ಅದು ಅಪ್ಪನಿಂದ ಬಂದದ್ದು. ಮುಖ ತಾಯಿಯದು. ಓಟ ಮಾತ್ರ ಅವನದೇ. ಕೊಯ್ಲು ಮುಗಿದು ಗದ್ದೆ ಒಣಗಿ ಕಲ್ಲಿನಂತಾದ ಮೇಲೆ ಕಾಂಪೊಂಗ್ ಪುಡಾಕ್ ಎಂಬ ಆ ಊರಿನ ಗಂಡಸರು ಭತ್ತದ ಕೂಳೆಯನ್ನು ಸವರಿ ಆಟದ ಬಯಲು ಮಾಡುತ್ತಿದ್ದರು. ಅಲ್ಲಿ ಎಡಗಡೆಯ ಅಂಚಿನಲ್ಲಿ ದಾರುಸ್, ಅವನ ಒಳಗಡೆಗೆ ಹನಾಪಿ. ಹನಾಪಿ ಹೆಚ್ಚು ಓಡುವವನಲ್ಲ. ಸೊಂಟದ ಮೇಲೆ ಕೈಯಿಟ್ಟು, ಸಂತೆಯಲ್ಲಿ ಮೀನು ನೋಡುವವನ ಹಾಗೆ ನಿಂತಿರುತ್ತಿದ್ದ. ಚೆಂಡು ಕಾಲಿಗೆ ಬಂತೋ, ಕೋಳಿ ಕರೆಯುವಂತೆ ನಾಲಿಗೆಯನ್ನು ಲೊಚ್ ಎನ್ನಿಸುತ್ತಿದ್ದ. ಆ ಸದ್ದು ಕಿವಿಗೆ ಬಿದ್ದದ್ದೇ ದಾರುಸ್ ಹಿಂದೆ ಮುಂದೆ ನೋಡದೆ ಓಡುತ್ತಿದ್ದ. ಅವನು ಹೋಗಿ ಮುಟ್ಟುವ ಜಾಗಕ್ಕೆ ಚೆಂಡು ಮೊದಲೇ ಬಂದು ಕಾಯುತ್ತಿತ್ತು.

ಹೀಗೆ ಆಡುತ್ತಾಡುತ್ತ ಇಬ್ಬರೂ ಜಿಲ್ಲೆಯ ತಂಡಕ್ಕೆ, ಅಲ್ಲಿಂದ ರಾಜ್ಯದ ತಂಡಕ್ಕೆ ಹೋದರು. ಅಲೋರ್ ಸ್ಟಾರ್ ಪಟ್ಟಣದ ಮೈದಾನದಲ್ಲಿ ಜನ "ಪುಡಾಕ್! ಪುಡಾಕ್!" ಎಂದು ಊರಿನ ಹೆಸರು ಹಿಡಿದು ಕೂಗುತ್ತಿದ್ದರು. ಮುಂದಿನ ವರ್ಷ ಕಪ್ಪಿನ ಕೊನೆಯ ಪಂದ್ಯಕ್ಕೆ ಸಿಂಗಪುರಕ್ಕೆ ಹೋಗುವುದೇ ಸೈ ಎಂದು ಎಲ್ಲರ ಬಾಯಲ್ಲೂ ಮಾತು. ದಾರುಸನಿಗೆ ಆಗ ಇಪ್ಪತ್ತೆರಡು. ಆ ವರ್ಷದ ಕೊನೆಯ ಮಳೆಯಲ್ಲಿ ಉತ್ತರದಿಂದ ಜಪಾನಿ ಸೈನಿಕರು ಸೈಕಲ್ ತುಳಿದುಕೊಂಡು ಬಂದರು. ಮೈದಾನದಲ್ಲಿ ಲಾರಿಗಳು ನಿಂತವು. ಮುಂದಿನ ವರ್ಷ ಎಂಬುದು ಬರಲೇ ಇಲ್ಲ.

ಕಾಡಿನ ಮಾತನ್ನು ದಾರುಸ್ ಯಾರಿಗೂ ಹೆಚ್ಚು ಹೇಳಿದವನಲ್ಲ. ಮಣ್ಣು ಅಗೆದರು, ಮರ ಹೊತ್ತರು, ಮಳೆ ಹಿಡಿಯಿತು, ಕಾಲರಾ ಬಂತು. ಕೊನೆಯ ದಿನ ಹನಾಪಿಯ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ದಾರುಸನನ್ನು ನೋಡಿ ಲೊಚ್ ಎನ್ನಲು ಹೋದ, ಆಗಲಿಲ್ಲ. ನಗಲು ಹೋದ, ಅದು ಆಯಿತು.

ಯುದ್ಧ ಮುಗಿದ ಮೇಲೆ ದಾರುಸ್ ಒಬ್ಬನೇ ಊರಿಗೆ ನಡೆದು ಬಂದ. ತಾಯಿ ಮೆಟ್ಟಿಲ ಬುಡದಲ್ಲಿ ಕೂರಿಸಿ, ತೆಂಗಿನ ಚಿಪ್ಪಿನಿಂದ ನೀರು ಹೊಯ್ದು ಅವನ ಪಾದ ತೊಳೆದಳು. ಹುಣ್ಣು ಮಾಗಿದ ಕಲೆಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದಳು. ಆಮೇಲೆ ಹರಕೆಯ ವಿಷಯ ಹೇಳಿದಳು. ದಾರುಸ್ ನಕ್ಕುಬಿಟ್ಟ.

"ಈ ಕೋಲು ಕಾಲಲ್ಲಿ ಇನ್ನು ಯಾವ ಚೆಂಡು ಮಾಕ್? ಸೌಟು ಒದ್ದರೆ ಮುರೀತದೆ. ಇರ್ಲಿ ಬಿಡು, ಕೊಟ್ಟಿದ್ದೀಯ, ಕೊಟ್ಟಾಯ್ತು."

ಆಗ ಒಪ್ಪಿಕೊಳ್ಳುವುದು ಸುಲಭವಾಗಿತ್ತು. ಕಷ್ಟವಾದದ್ದು ತಿಜಾಳ ಮನೆಗೆ ಹೋಗುವುದು. ಅವಳು ಬಾಗಿಲಲ್ಲೇ ನಿಂತಿದ್ದಳು.

"ನೀನೇ ಮಣ್ಣು ಹಾಕಿದ್ಯಾ?"

"ಹೂಂ ಮಾಕ್ ತಿಜಾ."

"ಮುಖ ನೋಡಿ?"

"ನೋಡಿ."

ಅವಳು ತಲೆಯಾಡಿಸಿದಳು. ಹಿತ್ತಲಿಗೆ ಹೋಗಿ ಹಲಸಿನ ಸೊಪ್ಪು ಕಡಿದು ಮೇಕೆಗೆ ಹಾಕಿದಳು. ಅಷ್ಟೆ. ಸತ್ತವನ ಹೆಸರಲ್ಲಿ ಊರಿಗೆ ಊಟ ಹಾಕಿ ಪ್ರಾರ್ಥನೆ ಮಾಡಿಸುವುದು ರೂಢಿ. ಅದನ್ನು ಅವಳು ಮಾಡಲಿಲ್ಲ. ಹನಾಪಿ ಬಂದ ದಿನ ಎಂದು ಹರಕೆ ಹೊತ್ತಿದ್ದರಿಂದ ಮೇಕೆಯನ್ನು ಕುಯ್ಯುವಂತಿರಲಿಲ್ಲ. ಹರಕೆಯದಾದ್ದರಿಂದ ಮಾರುವಂತೆಯೂ ಇರಲಿಲ್ಲ. ಅದು ಸುಮ್ಮನೆ ಬೆಳೆಯಿತು. ಕೊಂಬು ಹಿಂದಕ್ಕೆ ಬಾಗಿ, ಗಡ್ಡ ಬಂದು, ಮೈಯೆಲ್ಲ ಹೋತದ ನಾತ ಹೊಡೆಯುತ್ತ, ಹಗ್ಗ ಕಡಿದುಕೊಂಡು ಊರು ಸುತ್ತುತ್ತಿತ್ತು. ಒಣಗಲು ಹಾಕಿದ ಸಾರಂಗ್ ಲುಂಗಿ ತಿಂದರೂ ಯಾರೂ ಕೈಯೆತ್ತುತ್ತಿರಲಿಲ್ಲ. ಅದಕ್ಕೆ ಹನಾಪಿಯ ಮೇಕೆ ಎಂದೇ ಹೆಸರು.

ದಾರುಸ್ ಅಕ್ಕಿಗಿರಣಿಯಲ್ಲಿ ಮೂಟೆ ಹೊರಲು ಸೇರಿಕೊಂಡ. ಅವನಿಗೆ ಗೊತ್ತುಮಾಡಿದ್ದ ಹುಡುಗಿ ಯುದ್ಧದ ನಡುವೆಯೇ ಬೇರೊಬ್ಬನ ಕೈ ಹಿಡಿದಿದ್ದಳು. ಅದಕ್ಕೆ ಅವನು ಅಷ್ಟೇನೂ ಕೊರಗಲಿಲ್ಲ. ಕೊರಗು ಬಂದದ್ದು ಕಾಲಿಗೆ ಮಾಂಸ ಬಂದಾಗ. ಮೂಟೆ ಹೊತ್ತು ಹೊತ್ತು ಮೀನಖಂಡ ಗಟ್ಟಿಯಾಯಿತು, ತೊಡೆ ತುಂಬಿತು. ಅನ್ನ ಕಂಡ ಮೈ ಹಳೆಯದನ್ನೆಲ್ಲ ಕೇಳತೊಡಗಿತು. ಕೊಯ್ಲು ಮುಗಿದು ಕೂಳೆ ಸವರುವ ಸದ್ದು ಕೇಳಿದರೆ ಸಾಕು, ಹಾಸಿಗೆಯಲ್ಲಿ ಅವನ ಎಡಗಾಲು ತಾನೇ ತಾನಾಗಿ ಅಲುಗುತ್ತಿತ್ತು.

ಸಂಜೆ ಹೋಗಿ ಬದುವಿನ ಮೇಲೆ ಕೂರುತ್ತಿದ್ದ. ಸಾರಂಗನ್ನು ಮೊಣಕಾಲಿನಿಂದ ಕೆಳಕ್ಕೆಳೆದು, ಎರಡೂ ಪಾದಗಳನ್ನು ಅದರೊಳಗೆ ಮುಚ್ಚಿಕೊಂಡು ಕೂರುವುದು ಅವನ ಪದ್ಧತಿ. ಆಟಗಾರರಿಗೆ ಕೂತಲ್ಲಿಂದಲೇ ಹೇಳಿಕೊಡುತ್ತಿದ್ದ. ಚೆಂಡು ಉರುಳಿ ಅವನ ಕಡೆಗೆ ಬಂದರೆ ಬಯಲೇ ಒಂದು ಗಳಿಗೆ ಸುಮ್ಮನಾಗುತ್ತಿತ್ತು. ಚೆಂಡು ಅವನ ಮುಂದಿನಿಂದ ಹಾದು ನೀರಿನ ಕಾಲುವೆಗೆ ಬೀಳುವವರೆಗೂ ಅವನು ಅದನ್ನೇ ನೋಡುತ್ತಿದ್ದ. ಆಮೇಲೆ ಯಾರೋ ಕೆಮ್ಮುತ್ತಿದ್ದರು, ಆಟ ಮುಂದುವರಿಯುತ್ತಿತ್ತು.

ಕಾಫಿ ಅಂಗಡಿಯಲ್ಲಿ ಇದೇ ಮಾತು. ಕ್ಷೌರದ ಸುದಿನ್‌ಗೆ ಊರಿನ ಎಲ್ಲ ತಲೆಗಳೂ ಗೊತ್ತು, ಎಲ್ಲರ ಹರಕೆಗಳೂ ಗೊತ್ತು.

"ಹರಕೇಲಿ ಹೇಳಿರೋದು ಚರ್ಮದ ಚೆಂಡು ಕಣಯ್ಯ," ಎಂದ ಸುದಿನ್. "ಬೆತ್ತದ ಚೆಂಡು ಆಡೋಕೆ ಏನಡ್ಡಿ? ಅದನ್ನ ಹೆಣೀತಾರೆ, ಇದನ್ನ ಹೊಲೀತಾರೆ. ಎರಡೂ ಒಂದೇನಾ?"

"ಹಂಗಾದ್ರೆ ನಿನ್ನ ಬುರುಡೆನೂ ಒದೀಬೋದು," ಎಂದ ದಾರುಸ್. "ಅದಕ್ಕೂ ಹೊಲಿಗೆ ಇಲ್ಲ."

"ಒದಿ ಮಾರಾಯ, ಒದಿ! ನಿನ್ನ ಎಡಗಾಲಿಂದ ಒದೆಸಿಕೊಂಡೆ ಅಂತ ಅಂಗಡಿ ಮುಂದೆ ಬೋರ್ಡು ಹಾಕ್ತೀನಿ."

ಎಲ್ಲರೂ ನಕ್ಕರು. ದಾರುಸನೂ ನಕ್ಕ. ಕಾಫಿ ಬಟ್ಟಲು ಕೆಳಗಿಡುವಾಗ ಮಾತ್ರ ಕೈ ಸ್ವಲ್ಪ ಜೋರಾಯಿತು.

ಅವರ ಹಿತ್ತಲಲ್ಲಿ ಒಂದು ಚಕ್ಕೋತದ ಮರವಿತ್ತು. ಒಂದು ಸಂಜೆ ಗಿರಣಿಯಿಂದ ಬಂದವನು ಅಲ್ಲಿ ಕಾಲು ತೊಳೆಯುತ್ತಿದ್ದಾಗ, ಉದುರಿ ಬಿದ್ದ ಹಸಿರು ಚಕ್ಕೋತವೊಂದು ಕಣ್ಣಿಗೆ ಬಿತ್ತು. ಸುತ್ತ ಯಾರೂ ಇರಲಿಲ್ಲ. ಪಾದದ ಬದಿಯಿಂದ ಮೆಲ್ಲಗೆ ಅದನ್ನು ಹೊರಳಿಸಿದ. ಮತ್ತೆ ತನ್ನ ಕಡೆಗೆ ಎಳೆದುಕೊಂಡ. ಕಳ್ಳತನಕ್ಕೆ ಇಳಿದವನ ಹಾಗೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಬಾಳೆಯ ಎರಡು ಬೊಡ್ಡೆಗಳ ನಡುವಿನ ಸಂದಿ ನೋಡಿ ಒದ್ದ. ಹಣ್ಣು ಸೀಳಿ ರಸ ಚಿಮ್ಮಿತು, ಆದರೆ ಹೋಗಬೇಕಾದಲ್ಲಿಗೇ ಹೋಯಿತು. ತಿರುಗಿ ನೋಡಿದರೆ ಅಡಿಗೆಮನೆಯ ಕಿಟಕಿಯಲ್ಲಿ ತಾಯಿ.

ಅವಳು ಊಟಕ್ಕೆ ಬಡಿಸುವಾಗ ಅವನ ಕಾಲಿಗೆ ಮೆತ್ತಿದ್ದ ತೊಳೆಯ ಚೂರನ್ನು ನೋಡಿಯೂ ನೋಡದಂತೆ ಇದ್ದಳು. ಉದುರಿದ ಚಕ್ಕೋತವನ್ನು ಅವಳು ದಿನಾ ಹೆಕ್ಕಿ ಎಮ್ಮೆಗೆ ಹಾಕುತ್ತಿದ್ದವಳು. ಮರುದಿನದಿಂದ ಹೆಕ್ಕುವುದನ್ನು ಬಿಟ್ಟಳು. ಹಣ್ಣುಗಳು ಮರದ ಬುಡದಲ್ಲಿ ಬಿದ್ದಲ್ಲೇ ಇರುತ್ತಿದ್ದವು. ಅದು ಗಮನಕ್ಕೆ ಬಂದ ಮೇಲೆ ದಾರುಸನಿಗೆ ಒದೆಯಲು ಮನಸ್ಸಾಗಲಿಲ್ಲ.

ಯುದ್ಧ ಮುಗಿದ ಮೂರನೇ ಕೊಯ್ಲಿನ ಹೊತ್ತಿಗೆ ರಾಜ್ಯ ರಾಜ್ಯಗಳ ನಡುವಿನ ಕಪ್ ಪಂದ್ಯ ಮತ್ತೆ ಶುರುವಾಗುವ ಸುದ್ದಿ ಬಂತು. ಸುದ್ದಿಯ ಬೆನ್ನಿಗೇ ಸೈಕಲ್ ಮೇಲೆ ಬಹಾರೋಂ ಮೇಷ್ಟ್ರು ಬಂದರು. ಪಟ್ಟಣದ ಶಾಲೆಯವರು, ಮೊದಲಿನ ತಂಡವನ್ನು ಕಟ್ಟಿದವರು. ಪ್ಯಾಂಟಿನ ಕಾಲಿಗೆ ಸಿಕ್ಕಿಸಿದ್ದ ಕ್ಲಿಪ್ಪು ತೆಗೆಯದೆಯೇ ಮೆಟ್ಟಿಲ ಮೇಲೆ ಕೂತರು.

"ಎಡಗಡೆ ಅಂಚು ಖಾಲಿ ಇದೆ ದಾರುಸ್. ಹದಿನೈದು ದಿನಕ್ಕೆ ಆಯ್ಕೆಯ ಆಟ. ಬಾ."

"ನನಗೆ ಇಪ್ಪತ್ತೊಂಬತ್ತು ಮೇಷ್ಟ್ರೇ."

"ಅದಕ್ಕೇ ಈ ವರ್ಷ ಬಾ ಅಂದೆ. ಮುಂದಿನ ವರ್ಷ ಕರೆಯೋಕೆ ನನಗೇನು ಹುಚ್ಚಾ?"

ಒಳಗಿನಿಂದ ಪಾತ್ರೆಯ ಸದ್ದು ನಿಂತುಹೋಯಿತು. ಮೇಷ್ಟ್ರಿಗೂ ಹರಕೆಯ ಸಂಗತಿ ಗೊತ್ತಿತ್ತು. ದನಿ ತಗ್ಗಿಸಿದರು. "ಇಮಾಮರನ್ನ ಒಂದು ಮಾತು ಕೇಳು. ಶುಕ್ರವಾರದೊಳಗೆ ಹೇಳಿ ಕಳಿಸು."

ದಾರುಸ್ ಇಮಾಮರ ಹತ್ತಿರ ಹೋದ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಬೈದರು. "ಬೇಡೋದು ದೇವರನ್ನ ಬೇಡೋದು ಬಿಟ್ಟು ಗೋರಿಗೆ ಹೋಗ್ತಾರೆ ಹೆಂಗಸರು! ಹೋಗ್ಲಿ. ಬೇರೆಯವರ ಕಾಲಿಗೆ ಹರಕೆ ಕಟ್ಟೋಕೆ ಬರಲ್ಲಪ್ಪ. ಮಾತು ಕೊಟ್ಟವಳು ನಿಮ್ಮಮ್ಮ, ಹೊಣೆ ಅವಳದು. ಮುರಿದರೆ ಹತ್ತು ಜನ ಬಡವರಿಗೆ ಊಟ ಹಾಕಲಿ. ಆಗದಿದ್ರೆ ಮೂರು ದಿನ ಉಪವಾಸ ಇರಲಿ. ಅಲ್ಲಿಗೆ ತೀರ್ತು."

ದಾರುಸ್ ಬಂದು ಹಾಗೇ ಹೇಳಿದ. ಬುಂಗಾ ಮೀನು ಸವರುತ್ತಿದ್ದಳು.

"ಇಮಾಮರಿಗೆ ಎಷ್ಟು ಮಕ್ಕಳು?" ಎಂದು ಕೇಳಿದಳು.

"ಏಳು ಜನ."

"ರೈಲಿಗೆ ಹೋದೋರು?"

"ಯಾರೂ ಇಲ್ಲ."

"ಹಾಂ," ಎಂದು ಬುಂಗಾ ಮೀನಿನ ತಲೆ ಕತ್ತರಿಸಿದಳು.

ಇಮಾಮರ ಮಾತು ಸರಿ ಎಂದು ದಾರುಸನ ತಲೆಗೆ ಗೊತ್ತು. ಆದರೆ ತಾನು ಅಂಚಿನಲ್ಲಿ ಓಡುತ್ತಿರುವ ಅಷ್ಟು ಹೊತ್ತೂ ಈ ಮುದುಕಿ ಮನೆಯಲ್ಲಿ ಕೂತು, ಈಗ ಸತ್ತ, ಈಗ ಸತ್ತ ಎಂದು ಎಣಿಸುತ್ತಿರುತ್ತಾಳೆ. ಎರಡು ವರ್ಷ ಅವಳು ಹಾಗೆ ಎಣಿಸಿದ್ದು ಸಾಕು. ಗುರುವಾರ ಬೆಳಿಗ್ಗೆ, ಆಗುವುದಿಲ್ಲ ಎಂದು ಬಸ್ಸಿನವನ ಕೈಲಿ ಹೇಳಿ ಕಳಿಸೋಣವೆಂದು ಅಂಗಿ ಹಾಕಿಕೊಂಡು ಹೊರಟ.

ತಿಜಾಳ ಹಿತ್ತಲು ದಾಟಿ ರಸ್ತೆಗೆ ಹೋಗಬೇಕು. ಅವಳು ಮೇಕೆಗೆ ಸೊಪ್ಪು ಕಟ್ಟುತ್ತಿದ್ದಳು.

"ಎಲ್ಲಿಗೆ?"

"ಮೇಷ್ಟ್ರಿಗೆ ಹೇಳಿ ಕಳಿಸ್ಬೇಕು ಮಾಕ್ ತಿಜಾ. ಬರೋಕಾಗಲ್ಲ ಅಂತ."

"ಕೂತ್ಕೋ." ಕುಡುಗೋಲು ಕೆಳಗಿಟ್ಟಳು. "ಒಂದು ಮಾತು ಕೇಳ್ತೀನಿ. ನನ್ನ ಮುಖ ನೋಡಿ ಹೇಳು. ನನ್ನ ಹರಕೆ ಸಣ್ಣದಾಯ್ತಾ?"

"ಹಂಗೆಲ್ಲ ಏನಿಲ್ಲ. ಕಾಯಿಲೆ ಬಂತು, ಮದ್ದು ಇರ್ಲಿಲ್ಲ..."

"ಒಂದೇ ಗೋರಿ ಕಣೋ. ಒಂದೇ ಬೆಳಗ್ಗೆ. ಅವಳು ನಿನ್ನ ಕಾಲು ಕೊಟ್ಟಳು, ನೀನು ಬಂದೆ. ನಾನು ಮೇಕೆ ಕೊಟ್ಟೆ, ಅವನು ಬರಲಿಲ್ಲ. ಮೇಕೆನೂ ಅಲ್ಲ, ಮರಿ! ಅಂಗೈಯಷ್ಟಿತ್ತು. ಕೊಡೋಕೆ ನನ್ನ ಹತ್ರ ಬೇರೆ ಇರ್ಲಿಲ್ವಾ? ಅವನೂ ಆಡ್ತಿದ್ದ. ಅವನಿಗೂ ಕಾಲಿತ್ತು. ನನಗೆ ಅದು ಹೊಳೀಲೇ ಇಲ್ಲ ನೋಡು. ನಿಮ್ಮಮ್ಮನಿಗೆ ಹೊಳೀತು." ಮೇಕೆ ಅವಳ ಸೆರಗು ಜಗ್ಗಿತು. ಅವಳು ಅದರ ಮೂತಿಯನ್ನು ಆಚೆಗೆ ತಳ್ಳಿದಳು. "ದಿನಾ ಬೆಳಗೆದ್ದು ಇದರ ಮುಖ ನೋಡ್ತೀನಿ. ಜಿಪುಣಿ ಅನ್ನುತ್ತೆ ನನ್ನ."

ದಾರುಸ್ ಕೆಳಗೆ ಬಿದ್ದಿದ್ದ ಸೊಪ್ಪನ್ನು ಎತ್ತಿ ಮೇಕೆಗೆ ಹಿಡಿದ.

"ನೀನು ಹೋಗಿ ಆಡು," ಎಂದಳು ತಿಜಾ. "ಹರಕೆ ಮುರಿ. ಮುರಿದ ಮೇಲೂ ನೀನು ಚೆನ್ನಾಗಿದ್ರೆ, ಅದರಲ್ಲಿ ಏನೂ ಇರ್ಲಿಲ್ಲ ಅಂತಾಯ್ತು. ಅವಳದರಲ್ಲೂ ಇರ್ಲಿಲ್ಲ, ನನ್ನದರಲ್ಲೂ ಇರ್ಲಿಲ್ಲ. ನಾನು ಏನು ಕೊಟ್ಟಿದ್ರೂ ಅವನು ಬರ್ತಿರ್ಲಿಲ್ಲ ಅಂತ ಆಗುತ್ತೆ. ನನಗೆ ಅಷ್ಟು ಸಾಕು."

"ನನಗೇನಾದ್ರೂ ಆದ್ರೆ?" ದಾರುಸ್ ನಗಲು ನೋಡಿದ.

ತಿಜಾ ಮೇಕೆಯ ಹಗ್ಗವನ್ನು ಕೈಗೆ ಸುತ್ತಿಕೊಂಡಳು. "ಆದ್ರೆ ನಾನೂ ನಿಮ್ಮಮ್ಮನೂ ಒಂದೇ ಆಗ್ತೀವಿ. ಕೇಳಬಾರದ ಮಾತು ಇದು. ನನಗೆ ಗೊತ್ತು. ಆದ್ರೂ ಕೇಳ್ತಿದೀನಿ, ನಾಚಿಕೆ ಬಿಟ್ಟು."

ಬಸ್ಸು ಬಂದು ಹೋದ ಸದ್ದು ಕೇಳಿತು. ದಾರುಸ್ ರಸ್ತೆಗೆ ಹೋಗದೆ ಮನೆಗೆ ತಿರುಗಿದ. ಇದನ್ನು ತಾಯಿಯಿಂದ ಮುಚ್ಚಿಡುವುದು ಅವನಿಂದಾಗಲಿಲ್ಲ. ತಿಜಾ ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಹೇಳಿದ. ಬುಂಗಾ ಕೇಳಿಸಿಕೊಂಡಳು. "ತಿಜಾ ಹಂಗಂದಳಾ?" ಎಂದಳು.

ಮರುದಿನ ಅವನಿಗೆ ಬಡಿಸಿ ತಾನು ತಟ್ಟೆಗೆ ಕೂರಲಿಲ್ಲ. ಅದರ ಮರುದಿನವೂ ಹಾಗೇ. ಸಿಟ್ಟು ಬಂದಿದೆ, ತನ್ನ ಜೊತೆ ಉಣ್ಣುತ್ತಿಲ್ಲ ಎಂದುಕೊಂಡ ದಾರುಸ್. ಮೂರನೆಯ ದಿನ ಸಂಜೆ, ಮಸೀದಿಯ ಕೂಗು ಕೇಳಿದ ಕೂಡಲೇ ಅವಳು ಒಲೆಯ ಪಕ್ಕದಲ್ಲಿ ಕೂತು ನೀರೆತ್ತಿ ಕುಡಿದದ್ದನ್ನು ನೋಡಿದ.

"ಇದೇನಿದು ಮಾಕ್? ರಂಜಾನಿಗೆ ಇನ್ನೂ ಎಷ್ಟು ತಿಂಗಳಿದೆ!"

"ಹತ್ತು ಜನಕ್ಕೆ ಊಟ ಹಾಕೋಕೆ ನಮ್ಮಲ್ಲೇನಿದೆ? ಅದಕ್ಕೇ ಉಪವಾಸ ಮಾಡ್ದೆ. ಇವತ್ತಿಗೆ ಮುಗೀತು."

"ಇಮಾಮರ ಮಾತಲ್ಲಿ ನಂಬಿಕೆ ಬಂತಾ?"

"ಇಲ್ಲ." ನೀರಿನ ಬಟ್ಟಲನ್ನು ಕೆಳಗಿಟ್ಟಳು. "ತಗೊಳ್ಳೋದಿದ್ರೆ ಅವನನ್ನ ಬಿಟ್ಟು ನನ್ನನ್ನ ತಗೋ ಅಂತ ಹೇಳಿದ್ದೀನಿ. ತಿಜಾ ಇಷ್ಟು ವರ್ಷದಿಂದ ಅಂಗಳದಾಚೆ ಹಂಗೆ ಬೇಯ್ತಿದಾಳೆ ಅಂತ ನನಗೆ ಗೊತ್ತಿರ್ಲಿಲ್ಲ." ಸ್ವಲ್ಪ ತಡೆದು ಮತ್ತೆ ಅಂದಳು, "ಗೊತ್ತಿತ್ತು. ನೋಡದೇ ಇದ್ದೆ. ನೋಡಿದ್ರೆ ನನ್ನ ಮಗ ಬಂದಿದ್ದು ಅವಳ ಕಣ್ಣಿಗೆ ಚುಚ್ಚುತ್ತೆ ಅಂತ. ಹೋಗು, ಮೇಷ್ಟ್ರಿಗೆ ಹೇಳು. ಶುಕ್ರವಾರ ಆಗ್ಹೋಯ್ತು, ಬೈತಾರೆ. ಬೈಸ್ಕೋ."

ಮೇಷ್ಟ್ರು ಬೈದರು, ಆಮೇಲೆ ಬೂಟು ಕೊಟ್ಟರು. ದಾರುಸನ ಹಳೆಯ ಬೂಟನ್ನು ಯುದ್ಧದ ಕಾಲದಲ್ಲಿ ಗೆದ್ದಲು ತಿಂದಿತ್ತು. ಇದು ಅಳತೆಗಿಂತ ದೊಡ್ಡದು. ಬೆರಳಿನ ಕಡೆಗೆ ಹಳೆ ಬಟ್ಟೆ ತುರುಕಿಕೊಂಡ.

ಆಟದ ದಿನ ಇಬ್ಬರು ಹೆಂಗಸರೂ ಬಸ್ಸಿನಲ್ಲಿ ಅಲೋರ್ ಸ್ಟಾರಿಗೆ ಬಂದರು. ಹೆಂಗಸರು ಆಟ ನೋಡಲು ಬರುವುದು ಅಪರೂಪ. ಮೈದಾನದ ಅಂಚಿನ ಮರದ ಕೆಳಗೆ ಎಲೆಯಡಿಕೆಯ ಚೀಲ ನಡುವೆ ಇಟ್ಟುಕೊಂಡು ಕೂತರು. ಕ್ಷೌರದ ಸುದಿನ್ ಅಂಗಡಿಗೆ ಬೀಗ ಹಾಕಿ ಬಂದಿದ್ದ.

"ಮಾಕ್ ಬುಂಗಾ, ಕೊಡೆ ಬಿಡಿಸಿ ಕೊಡ್ಲಾ? ಬಿಸಿಲು."

"ನಿನ್ನ ಬಾಯಿ ಮುಚ್ಚಿದ್ರೆ ಸಾಕು, ತಂಪಾಗುತ್ತೆ," ಎಂದಳು ತಿಜಾ.

ಸೀಟಿ ಊದಿತು. ಮೊದಲ ಚೆಂಡು ದಾರುಸನ ಕಡೆಗೆ ಬಂದಾಗ ಅವನು ಮರದ ಕಡೆ ನೋಡಿದ. ತಾಯಿ ಕಣ್ಣು ಮುಚ್ಚಿಕೊಂಡಿದ್ದಳು. ತಿಜಾ ರೆಪ್ಪೆ ಹೊಡೆಯದೆ ನೋಡುತ್ತಿದ್ದಳು. ಅವನು ಎಡಗಾಲು ಚಾಚಿ ಚೆಂಡನ್ನು ಹಿಡಿದ. ಚರ್ಮದ ಆ ಭಾರ, ಬೂಟಿನೊಳಗಿನ ಚಿಂದಿಯನ್ನೂ ದಾಟಿ, ಬೆರಳಿಗೆ ತಾಗಿತು. ಆಕಾಶ ಬೀಳಲಿಲ್ಲ. ಬದಿಯ ಆಟಗಾರನಿಗೆ ಚೆಂಡು ಕೊಟ್ಟು ಅವನು ಓಡಿದ.

ಓಡಿದ, ನಿಜ. ಆದರೆ ಓಡಿ ಹೋದಲ್ಲಿ ಚೆಂಡು ಇರಲಿಲ್ಲ. ಒಳಗಡೆ ಆಡುತ್ತಿದ್ದವನು ಅಂಚೆ ಕಚೇರಿಯ ಗುಮಾಸ್ತ, ಚುರುಕಾದವನೇ. ಆದರೆ ಅವನು ದಾರುಸ್ ಎಲ್ಲಿದ್ದಾನೋ ಅಲ್ಲಿಗೆ ಚೆಂಡು ಕಳಿಸುತ್ತಿದ್ದ. ದಾರುಸ್ ಮಾತ್ರ ಆಗಲೇ ಮುಂದಿನ ಜಾಗದಲ್ಲಿ ಇರುತ್ತಿದ್ದ. ಬರಿ ಹುಲ್ಲಿನ ಮೇಲೆ ಹೋಗಿ ನಿಂತು, ತಿರುಗಿ ನೋಡಿ, ಮತ್ತೆ ಹಿಂದಕ್ಕೆ ಬರುತ್ತಿದ್ದ.

"ಎಲ್ಲಿಗೋ ಓಡ್ತೀಯ?" ಮೇಷ್ಟ್ರು ಗೆರೆಯಾಚೆಯಿಂದ ಕೂಗಿದರು. "ಯಾರು ಕರೆದ್ರೋ ನಿನ್ನ?"

ಯಾರೂ ಕರೆದಿರಲಿಲ್ಲ. ಅವನಿಗೆ ಗೊತ್ತಿತ್ತು. ಆದರೂ ಗುಮಾಸ್ತನ ಕಾಲಿಗೆ ಚೆಂಡು ಬಿದ್ದಾಗಲೆಲ್ಲ ಕಿವಿ ತಾನಾಗಿ ನೆಟ್ಟಗಾಗುತ್ತಿತ್ತು, ಕಾಲು ತಾನಾಗಿ ಹೊರಡುತ್ತಿತ್ತು. ಇಷ್ಟು ವರ್ಷ ತಾನು ಹಂಬಲಿಸಿದ್ದು ಚೆಂಡಿಗಲ್ಲವೇನೋ ಎಂದು ಆ ಬಿಸಿಲಿನಲ್ಲಿ, ಬಟಾಬಯಲಿನ ಅಂಚಿನಲ್ಲಿ ನಿಂತು ಅವನಿಗೆ ಅನ್ನಿಸಿತು. ಬದುವಿನ ಮೇಲೆ ಕೂತಿ‌ದ್ದಾಗ ಇದು ಗೊತ್ತಾಗಿರಲಿಲ್ಲ. ಅಲ್ಲಿ ಕೂತರೆ ಹನಾಪಿ ಬಯಲಿನ ನಡುವೆ ಎಲ್ಲೋ ಸೊಂಟಕ್ಕೆ ಕೈಯಿಟ್ಟು ನಿಂತೇ ಇದ್ದಾನೆ ಎಂದುಕೊಳ್ಳಬಹುದಿತ್ತು. ಇಳಿದು ನೋಡಿದರೆ ಜಾಗ ಖಾಲಿ.

ಅರ್ಧ ಆಟ ಕಳೆದ ಮೇಲೆ ದಾರುಸ್ ನಿಲ್ಲುವುದನ್ನು ಕಲಿತುಕೊಂಡ. ಗುಮಾಸ್ತ ಕಳಿಸಿದ ಚೆಂಡನ್ನು ನಿಂತಲ್ಲೇ ತೆಗೆದುಕೊಂಡು, ಒಬ್ಬನನ್ನು ದಾಟಿ, ಗೆರೆಯ ಮೇಲಿನಿಂದ ಅಡ್ಡಲಾಗಿ ಹಾಕಿದ. ನಡುವಿನ ಆಟಗಾರ ತಲೆ ಕೊಟ್ಟ. ಗೋಲಾಯಿತು. "ಪುಡಾಕ್!" ಎಂದು ಸುದಿನ್ ಒಬ್ಬನೇ ಕೂಗಿದ. ಆಮೇಲೆ ಹಳಬರು ಒಬ್ಬೊಬ್ಬರಾಗಿ ದನಿ ಸೇರಿಸಿದರು. ತಾಯಿ ಕಣ್ಣು ಬಿಟ್ಟಿದ್ದಳು. ತಿಜಾಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಬಸ್ಸಿನಲ್ಲಿ ಊರಿಗೆ ಬರುವಾಗ ಇಬ್ಬರೂ ಅವನ ಎಡಬಲದಲ್ಲಿ ಕೂತರು. ಬೂಟು ಕಚ್ಚಿ ಹಿಮ್ಮಡಿಯ ಚರ್ಮ ಎದ್ದಿತ್ತು.

"ರಕ್ತ," ಎಂದಳು ಬುಂಗಾ.

"ಬೂಟು ದೊಡ್ಡದು ಮಾಕ್, ಅಷ್ಟೆ."

"ಅಷ್ಟೇನಾ?"

"ಅಷ್ಟೇ."

ತಿಜಾ ಬಗ್ಗಿ ಆ ಗಾಯವನ್ನು ಚೆನ್ನಾಗಿ ನೋಡಿದಳು. ಅಳತೆ ತೆಗೆದುಕೊಳ್ಳುವವಳ ಹಾಗೆ ನೋಡಿದಳು.

ಆ ವರ್ಷ ದಾರುಸ್ ರಾಜ್ಯದ ಪರವಾಗಿ ಆಡಿದ. ಚೆನ್ನಾಗಿಯೇ ಆಡಿದ, ಮೊದಲಿನಷ್ಟಲ್ಲ. ಸಿಂಗಪುರ ಕಾಣುವ ಮೊದಲೇ ತಂಡ ಸೋತಿತು. ಆಟಕ್ಕೆ ಹೋಗುವ ದಿನಗಳಲ್ಲಿ ತಿಜಾ ಬೇಲಿಯ ಹತ್ತಿರ ನಿಂತು ಅವನು ಹೋಗುವುದನ್ನು ನೋಡುತ್ತಿದ್ದಳು, ಬರುವುದನ್ನು ನೋಡುತ್ತಿದ್ದಳು. ಅವನಿಗೆ ಜ್ವರ ಬರಲಿಲ್ಲ. ಹಾವು ಕಚ್ಚಲಿಲ್ಲ. ಬುಂಗಾಳಿಗೂ ಏನೂ ಆಗಲಿಲ್ಲ, ಮೊಣಕಾಲು ನೋವು ಮೊದಲಿನಿಂದಲೂ ಇತ್ತು. ಗದ್ದೆಗೆ ನೀರು ಬಂತು, ನಾಟಿಯಾಯಿತು, ತೆನೆ ಹಳದಿಗೆ ತಿರುಗಿತು. ಕೊಯ್ಲಾದ ಮೇಲೆ ಮೇಷ್ಟ್ರು ಹೇಳಿದ್ದಂತೆಯೇ ಮತ್ತೆ ಕರೆಯಲಿಲ್ಲ. ಬೂಟನ್ನು ದಾರುಸ್ ಎಣ್ಣೆ ಹಚ್ಚಿ ವಾಪಸು ಕೊಟ್ಟು ಬಂದ.

ಅದಾದ ಮೇಲೆ ಒಂದು ಬೆಳಿಗ್ಗೆ ತಿಜಾ ಮೇಕೆಯನ್ನು ಹಗ್ಗ ಹಿಡಿದು ಎಳೆದುಕೊಂಡು ಅವರ ಅಂಗಳಕ್ಕೆ ಬಂದಳು.

"ಬದುಕಿದ್ದೀಯ," ಎಂದಳು.

"ಬದುಕಿದ್ದೀನಿ ಮಾಕ್ ತಿಜಾ."

"ಹಂಗಾದ್ರೆ ಅವನು ಸತ್ತಿದ್ದಾನೆ." ಮೊದಲ ಸಲ ಅವಳ ಬಾಯಲ್ಲಿ ಆ ಮಾತು ಬಂತು. ಸ್ವಲ್ಪ ಹೊತ್ತು ಮೇಕೆಯ ಕೊಂಬಿನ ಮೇಲೆ ಕೈಯಾಡಿಸಿದಳು. "ಇಮಾಮರಿಗೆ ಹೇಳಿ ಬಂದಿದ್ದೀನಿ. ಸತ್ತೋರ ಊಟ ಹಾಕ್ಬೇಕು. ಇದನ್ನ ಹಿಡ್ಕೊಳ್ಳೋಕೆ ಗಟ್ಟಿ ಆಳು ಬೇಕು. ಮುದಿ ಹೋತ, ಒದೆಯುತ್ತೆ."

ಬುಂಗಾ ಒಳಗಿನಿಂದ ದೊಡ್ಡ ಹಂಡೆ ತಂದಳು. "ಮಾಂಸ ಗಟ್ಟಿ ಇರುತ್ತೆ ತಿಜಾ. ಪಪಾಯಿ ಎಲೆ ಹಾಕಿ ಬೇಯಿಸ್ಬೇಕು."

"ಹೂಂ ಕಾಕ್. ಹಲ್ಲಿಲ್ಲದೋರು ಸಾರು ಕುಡೀಲಿ."

ದಾರುಸ್ ಮೇಕೆಯ ಹಿಂಗಾಲು ಹಿಡಿದ. ಅದು ಒಂದು ಸಲ ಜೋರಾಗಿ ಒದೆಯಿತು, ಆಮೇಲೆ ಸುಮ್ಮನಾಯಿತು. ಸಂಜೆ ಊರವರೆಲ್ಲ ತಿಜಾಳ ಮನೆಯ ಚಾಪೆಯ ಮೇಲೆ ಕೂತರು. ಇಮಾಮರು ಹನಾಪಿಯ ಹೆಸರು ಹೇಳಿ ಪ್ರಾರ್ಥನೆ ಓದಿದರು. ಊಟವಾದ ಮೇಲೆ ದಾರುಸ್ ಕೈ ತೊಳೆಯಲು ಹಿತ್ತಲಿಗೆ ಹೋದ. ಖಾಲಿ ಗೂಟದಲ್ಲಿ ಹಗ್ಗ ನೇತಾಡುತ್ತಿತ್ತು. ಯಾರೋ ಕೋಳಿಗಳನ್ನು ಗೂಡಿಗೆ ಕರೆಯುತ್ತ ಲೊಚ್ ಎಂದರು. ಅವನ ಎಡಗಾಲು ಅಲುಗಿತು. ಅವನು ನಿಂತಲ್ಲೇ ನಿಂತ.

ಬುಂಗಾಳ ಹರಕೆ ಮುರಿಯಿತು. ತಿಜಾಳ ಹರಕೆ ಸಲ್ಲಲೇ ಇಲ್ಲ.